ನಾನು ಕೇಳಿ ಪಡೆದ ಟೈಟನ್ ಪಾತ್ರ

ಗುರುಗ್ರಹದ ಚಂದ್ರನೊಂದರಲ್ಲಿ ಉಕ್ಕುತ್ತಿರುವ ಜ್ವಾಲಾಮುಖಿಯನ್ನು ನಾನು ಪುತ್ತೂರಿನ ಸಭೆಗೆ ತೋರಿಸಿದ ದಿನ ಜನ ಚಪ್ಪಾಳೆ ತಟ್ಟಿದ್ದು ವಂದನಾರ್ಪಣೆಗೆ.

೧೯೭೯ರ ಮಳೆಗಾಲ ಅದು. ವಾಯೇಜರ್ ಎಂಬ ಅಮೆರಿಕದ ನೌಕೆ, ಒಳಗೆ ಒಬ್ಬ ಮನುಷ್ಯನೂ ಇಲ್ಲದ ಬರೇ ಯಂತ್ರ, ಆ ವರ್ಷದ ಬೇಸಗೆಯಲ್ಲಿ ಗುರುವಿನ ಬಳಿಯಿಂದ ಹಾದುಹೋಗಿತ್ತು. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಪತ್ರಿಕೆಗಳಿಂದ ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ, ಚಿತ್ರವನ್ನು ಪರದೆಗೆ ಬೀರುವ ಎಪಿಡಯಾಸ್ಕೋಪನ್ನು ಕಾಲೇಜಿನಿಂದ ಎರವಲು ತಂದು, ಶಾಲೆಯ ಸಭಾಂಗಣದ ಗೋಡೆಗೆ ಬಿಳಿ ಪಂಚೆ ಕಟ್ಟಿ ಉಪನ್ಯಾಸ ಮಾಡಿದೆ. ಐಓ ಎಂಬ ಆ ಚಂದ್ರನ ಚಿತ್ರವೊಂದನ್ನು ದಾರಿ ಗೊತ್ತುಮಾಡುವುದಕ್ಕೆಂದು ತೆಗೆದಿದ್ದರು. ಹಿಂದಿನ ಮಸುಕು ನಕ್ಷತ್ರಗಳು ಕಾಣಲೆಂದು ಅದರ ಬೆಳಕನ್ನು ಹೆಚ್ಚಿಸಿದಾಗ ಅಂಚಿನಲ್ಲಿ ಕೊಡೆಯಂಥ ಒಂದು ಮೋಡ ಎದ್ದು ಕಂಡಿತು. ಭೂಮಿಯ ಹೊರಗೆ ಉರಿಯುವ ಬೆಟ್ಟವನ್ನು ಮನುಷ್ಯ ಕಂಡದ್ದು ಅದೇ ಮೊದಲು. ಇದನ್ನೆಲ್ಲ ನಾನು ಕ್ರಮವಾಗಿ, ಅಂಕಿ ಅಂಶ ಸಮೇತ ವಿವರಿಸಿದೆ. ಎಪಿಡಯಾಸ್ಕೋಪಿನ ಬಲ್ಬಿನ ಶಾಖಕ್ಕೆ ಚಿತ್ರಗಳು ಹಪ್ಪಳದ ಹಾಗೆ ಸುರುಟಿಕೊಂಡವು. ಮುಂದಿನ ಸಾಲಿನಲ್ಲಿದ್ದ ಪೋಷಕರೊಬ್ಬರು ಆಕಳಿಸಿದರು, ಅದನ್ನು ನೋಡಿ ಪಕ್ಕದವರೂ ಆಕಳಿಸಿದರು.

ಕೊನೆಗೆ ಧನ್ಯವಾದ ಹೇಳಲು ನಮ್ಮ ಕನ್ನಡ ಪಂಡಿತರು ಎದ್ದರು. ಉಪನ್ಯಾಸಕ್ಕೆ ಮೊದಲು ಬಾಗಿಲ ಹತ್ತಿರ ನನ್ನನ್ನು ಹಿಡಿದು "ಎಂತದು ಮಾಸ್ಟ್ರೆ ಅದು, ಬೆಂಕಿಯಾ?" ಎಂದು ಕೇಳಿದ್ದೇ ಅವರ ಒಟ್ಟು ವಿಜ್ಞಾನ. ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ಅವರು ಹೇಳಿದ್ದು ಇಷ್ಟು: "ನೋಡುವವರು ಯಾರೂ ಇಲ್ಲದಿದ್ದರೂ ಎಷ್ಟೋ ಕೋಟಿ ಮೈಲು ಆಚೆ ಒಂದು ಒಲೆ ಉರಿಯುತ್ತಲೇ ಇತ್ತು. ಇವತ್ತು ನಮ್ಮ ಮಾಸ್ತರರು ನಮ್ಮನ್ನು ಆ ಒಲೆಯ ಮುಂದೆ ಕೂರಿಸಿದರು." ಸಭೆ ಎಚ್ಚೆತ್ತು ಚಪ್ಪಾಳೆ ತಟ್ಟಿತು. ಮನೆಗೆ ಹೋಗುವಾಗ ಎಲ್ಲರ ಬಾಯಲ್ಲೂ ಅದೇ ಒಲೆ. ನನ್ನ ಹೆಂಡತಿಯ ಬಾಯಲ್ಲೂ.

"ಎಷ್ಟು ಚಂದ ಹೇಳಿದ್ರು ಅಲ್ವಾ ಪಂಡಿತ್ರು?" ಎಂದಳು.

ಅಂದಿನಿಂದ ನನಗೆ ಹಿಡಿದದ್ದು ಹೊಟ್ಟೆಕಿಚ್ಚು. ಇದನ್ನು ಬೇರೆ ಹೆಸರಿನಿಂದ ಕರೆಯುವ ಆಸೆ ನನಗಿಲ್ಲ. ಆಲಂಕಾರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಈ ಪಂಡಿತರು ನಮ್ಮ ಕಡೆ ತಾಳಮದ್ದಳೆಯಲ್ಲಿ ಹೆಸರು ಮಾಡಿದ ಅರ್ಥಧಾರಿ. ಯಕ್ಷಗಾನದ್ದೇ ಪ್ರಸಂಗವಾದರೂ ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರ ವಹಿಸಿದವರು ಎದುರುಬದುರು ಕುಳಿತು ಅದಕ್ಕೆ ಅರ್ಥ ಹೇಳುತ್ತಾ ವಾದಿಸುತ್ತಾರೆ. ಪದ್ಯ ಮಾತ್ರ ಮೊದಲೇ ಗೊತ್ತಿರುವಂಥದ್ದು, ಮಾತೆಲ್ಲ ಅಲ್ಲೇ ಹುಟ್ಟಬೇಕು. ಎಂಥ ಪ್ರಶ್ನೆ ಬಂದರೂ ಉತ್ತರ ಬಾಯಲ್ಲಿ ಸಿದ್ಧವಿರಬೇಕು. 'ಗೊತ್ತಿಲ್ಲ' ಎಂದವನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಪಂಡಿತರಂತೂ ಆ ಮಾತನ್ನು ಹುಟ್ಟಿದ ಮೇಲೆ ಹೇಳಿದ್ದೇ ಇಲ್ಲವೇನೋ. ಅಜ್ಜಾವರದ ತವರಿನಲ್ಲಿ ಅವರ ಅರ್ಥ ಕೇಳಿಯೇ ಬೆಳೆದವಳು ನನ್ನ ಹೆಂಡತಿ. ಒಂದೇ ಒಂದು ಸಲ, ಅದೇ ಸಭಾಂಗಣದಲ್ಲಿ, ಈ ಮನುಷ್ಯ ಎದುರಿಗಿರುವಾಗ ಜನ ನನ್ನ ಮಾತಿಗೆ ಕಿವಿಗೊಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಮರುವರ್ಷ ದಸರಾ ರಜೆಗೆ ಸ್ವಲ್ಪ ಮೊದಲು ಹೆಡ್ಮಾಸ್ಟರು ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಡಿಸೆಂಬರಿನಲ್ಲಿ ವಿಜ್ಞಾನ ಸಂಘದ ವಾರ್ಷಿಕ ಸಭೆ ಇತ್ತು.

"ಈ ಸಲ ಆ ಪಂಚೆ, ಆ ಮೆಷೀನು ಎಲ್ಲ ಬೇಡ," ಎಂದರು. "ವಾಯೇಜರು ಈಗ ಶನಿಯ ಹತ್ರ ಹೋಗ್ತಾ ಉಂಟಂತಲ್ಲ, ಅದನ್ನೇ ಒಂದು ತಾಳಮದ್ದಳೆ ಮಾಡಿದ್ರೆ ಹೇಗೆ? ಪಂಡಿತ್ರು ಪದ್ಯ ಬರೀಲಿ. ವಿಷಯ ನೀವು ಕೊಡಿ."

ವಿಷಯ ನೀವು ಕೊಡಿ! ಅಡಿಗೆ ನಾನು ಮಾಡಬೇಕು, ಬಡಿಸಿ ಹೊಗಳಿಸಿಕೊಳ್ಳುವವರು ಅವರು. "ನಾನೂ ಅರ್ಥ ಹೇಳ್ತೇನೆ," ಎಂದುಬಿಟ್ಟೆ. ಹೆಡ್ಮಾಸ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಪಂಡಿತರಿಗೆ ಮಾತ್ರ ನಿಜವಾಗಿಯೂ ಸಂತೋಷವಾಯಿತು. ಅದನ್ನೂ ನನಗೆ ಸಹಿಸಲಾಗಲಿಲ್ಲ.

ಆ ಮೇಲೆ ಶಾಲೆ ಬಿಟ್ಟ ಬಳಿಕ ಬಸ್ಸಿನ ಹೊತ್ತಿನವರೆಗೆ ಪಂಡಿತರು ನಮ್ಮ ಮನೆಯ ಜಗಲಿಯಲ್ಲಿ ಕೂರತೊಡಗಿದರು. ನಾನು ಪಾಠ ಮಾಡಬೇಕು, ಅವರು ಕೇಳಬೇಕು. ಹೆಂಡತಿ ಕಾಫಿ ತಂದವಳು ಅಲ್ಲೇ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ನನ್ನ ಪಾಠ ಕೇಳಲು ಅವಳು ನಿಂತದ್ದು ಅದೇ ಮೊದಲು.

ಸೂರ್ಯನ ಬೆಳಕು ಅಲ್ಲಿಗೆ ಸಾಲದ ಕಾರಣ ನೌಕೆ ಪ್ಲುಟೋನಿಯಂ ಎಂಬ ಧಾತುವಿನ ಬಿಸಿಯಿಂದ ವಿದ್ಯುತ್ ಮಾಡಿಕೊಳ್ಳುತ್ತದೆ ಎಂದೆ. ಗುರುವಿನ ಸೆಳೆತವನ್ನೇ ಕವಣೆಯಾಗಿ ಬಳಸಿ ಅದು ಶನಿಯ ಕಡೆಗೆ ಬೀಸಿಕೊಂಡಿದೆ ಎಂದೆ. ಅದು ಭೂಮಿಗೆ ಸುದ್ದಿ ಕಳಿಸುವ ರೇಡಿಯೋದ ಶಕ್ತಿ ಮನೆಯ ಒಂದು ಸಣ್ಣ ಬಲ್ಬಿನಷ್ಟು ಮಾತ್ರ. ಆ ಸುದ್ದಿ ಬೆಳಕಿನ ವೇಗದಲ್ಲಿ ಬಂದರೂ ಶನಿಯಿಂದ ಇಲ್ಲಿಗೆ ಮುಟ್ಟಲು ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಶನಿಯ ಚಂದ್ರರಲ್ಲಿ ದೊಡ್ಡವನು ಟೈಟನ್. ದಟ್ಟ ಗಾಳಿಯ ಹೊದಿಕೆ ಇರುವ ಚಂದ್ರ ಅದೊಂದೇ. ಅದನ್ನು ಹತ್ತಿರದಿಂದ ನೋಡಲು ಹೋದರೆ ನೌಕೆಯ ದಾರಿ ಗ್ರಹಗಳೆಲ್ಲ ಸುತ್ತುವ ಸಮತಲವನ್ನು ಬಿಟ್ಟು ಮೇಲಕ್ಕೆ ತಿರುಗುತ್ತದೆ. ಮತ್ತೆ ಇನ್ನೊಂದು ಗ್ರಹ ಅದಕ್ಕೆ ಸಿಗುವುದಿಲ್ಲ. ಇಷ್ಟು ಗೊತ್ತಿದ್ದೂ ಅವರು ಟೈಟನ್ನನ್ನೇ ಆರಿಸಿದ್ದಾರೆ. ಈ ನೌಕೆಗೆ ಅದು ತಪ್ಪಿದರೆ ಹಿಂದೆ ಬರುತ್ತಿರುವ ಎರಡನೆಯ ವಾಯೇಜರನ್ನು ಅಲ್ಲಿಗೆ ತಿರುಗಿಸಬೇಕು, ಅದರ ಮುಂದಿನ ಗ್ರಹಗಳ ಪ್ರಯಾಣವನ್ನೂ ಕೈಬಿಡಬೇಕು.

ಪಂಡಿತರು ಕಾಫಿ ಲೋಟ ಕೆಳಗಿಟ್ಟರು. "ಅಂದ್ರೆ ಒಂದು ಮುಖ ನೋಡ್ಲಿಕ್ಕೆ ಬೇಕಾಗಿ ಉಳಿದ ಊರೆಲ್ಲ ಬಿಟ್ಟದ್ದು!"

"ಮುಖ ಅಲ್ಲ ಪಂಡಿತರೆ, ವಾಯುಮಂಡಲ."

"ಆಯ್ತು ಮಾರಾಯ್ರೆ, ವಾಯುಮಂಡಲ. ಆದ್ರೆ ಹಾಗೆ ಹೇಳಿದ್ರೆ ಯಾರಿಗೆ ಅಳು ಬರ್ತದೆ?"

ಬಾಗಿಲ ಬಳಿ ಹೆಂಡತಿ ಮೆಲ್ಲನೆ ನಕ್ಕಳು. ತಿಂಗಳಾನುಗಟ್ಟಲೆ ಓದಿ ನಾನು ತಿಳಿದುಕೊಂಡದ್ದು ಈ ಮನುಷ್ಯನಿಗೆ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಕಥೆಯಾಗಿಬಿಟ್ಟಿತ್ತು. ನನಗೆ ಅಂಥದು ಯಾಕೆ ಹೊಳೆಯುವುದಿಲ್ಲ ಎಂದು ಮೈ ಉರಿಯಿತು.

ಒಂದು ವಾರದಲ್ಲಿ ಪದ್ಯಗಳು ತಯಾರಾದವು. ಹಾಡಲು ಒಪ್ಪಿದ ಭಾಗವತರು ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಶನಿಯ ಪ್ರಸಂಗ ಅಲ್ವಾ? ಹಾಗಾದ್ರೆ ಶನಿವಾರವೇ ಇಡುವ. ಮೊದಲು ಒಂದು ಕಾಯಿ ಒಡೀಬೇಕು. ವಿಜ್ಞಾನ ಆದ್ರೆಂತ, ಅವನ ಹೆಸರು ಹೇಳುದಲ್ವಾ." ಹೆಡ್ಮಾಸ್ಟರು ತೆಂಗಿನಕಾಯಿಗೆ ಒಪ್ಪಿದರು.

ಪಾತ್ರ ಹಂಚುವ ದಿನ ಬಂತು. ಇದ್ದದ್ದು ಎರಡೇ ದೊಡ್ಡ ಪಾತ್ರ, ವಾಯೇಜರ್ ಮತ್ತು ಟೈಟನ್. ಪಂಡಿತರು ಮರ್ಯಾದೆಗೆ ಆಯ್ಕೆಯನ್ನು ನನಗೇ ಬಿಟ್ಟರು. "ನಿಮ್ಮದೇ ವಿಷಯ. ಯಾವುದು ಬೇಕೋ ತಕೊಳ್ಳಿ."

ನಾನು ಒಳಗೊಳಗೇ ಲೆಕ್ಕ ಹಾಕಿದೆ. ವಾಯೇಜರ್ ಎಷ್ಟಾದರೂ ದಾರಿಹೋಕ, ನೋಡಿ ಹೋಗುವವನು. ನೋಡಿಸಿಕೊಳ್ಳುವವನು ಟೈಟನ್. ನವೆಂಬರಿನಲ್ಲಿ ನೌಕೆ ಅದರ ಹತ್ತಿರ ಹೋಗಲಿದೆ. ಅಲ್ಲಿ ಮೀಥೇನಿನ ಕಡಲು ಇರಬಹುದು, ಮೀಥೇನಿನ ಮಳೆ ಬರಬಹುದು ಎಂದೆಲ್ಲ ವಿಜ್ಞಾನಿಗಳು ಊಹಿಸುತ್ತಿದ್ದರು. ಆ ಚಿತ್ರಗಳು ಬಂದ ಮೇಲೆ ಹೇಳಲು ಸಂಗತಿಗಳ ರಾಶಿಯೇ ಇರುತ್ತದೆ. ಸಂಗತಿ ಇರುವಲ್ಲಿ ಪಂಡಿತರ ಮಾತಿನ ಬಣ್ಣ ನಡೆಯದು. "ಟೈಟನ್ ನನಗಿರಲಿ," ಎಂದೆ.

"ಸಂತೋಷ," ಎಂದರು ಪಂಡಿತರು.

ನವೆಂಬರ್ ಬಂತು. ಸಂಜೆಯ ಹೊತ್ತು ಶಾರ್ಟ್‌ವೇವಿನಲ್ಲಿ ಅಮೆರಿಕದ ವಾರ್ತೆ ಹಿಡಿಯಲು ರೇಡಿಯೋದ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೂರುತ್ತಿದ್ದೆ. ತಂತಿಯೊಂದನ್ನು ಅಂಗಳದ ಪೇರಳೆ ಮರಕ್ಕೆ ಎಳೆದಿದ್ದೆ. ಗರಗರ ಸದ್ದಿನ ನಡುವೆ ಕೊನೆಗೂ ಸುದ್ದಿ ಕೇಳಿತು. ವಾಯೇಜರ್ ಟೈಟನ್ನನ್ನು ತೀರ ಹತ್ತಿರದಿಂದ ಹಾದಿದೆ. ಕ್ಯಾಮೆರಾಗಳು ಸರಿಯಾಗಿ ಕೆಲಸ ಮಾಡಿವೆ. ಕಂಡದ್ದು ಕಿತ್ತಳೆ ಬಣ್ಣದ ಮಂಜು. ಅಂಚಿನಿಂದ ಅಂಚಿಗೆ ಬರೇ ಮಂಜು. ನೆಲದ ಒಂದು ಚೂರೂ ಕಾಣಲಿಲ್ಲ.

ನಾನು ರೇಡಿಯೋ ಆರಿಸಿ ಕುಳಿತೆ.

"ಎಂತ ಆಯ್ತು? ಒಡೆದು ಹೋಯ್ತಾ?" ಎಂದು ಹೆಂಡತಿ ಒಳಗಿನಿಂದ ಬಂದಳು.

"ಇಲ್ಲ, ಸರಿಯಾಗಿ ಹೋಗಿದೆ. ಟೈಟನ್ನಿನಲ್ಲಿ ಎಂತದೂ ಕಾಣ್ಲಿಲ್ಲ."

ಅವಳು ಪಕ್ಕದಲ್ಲಿ ಕುಳಿತಳು. "ಮತ್ತೆ ನೀವು ಎಂತ ಹೇಳುದು?"

ಅದೇ ಪ್ರಶ್ನೆ. ಒಂದು ಗ್ರಹದ ಆಸೆಯನ್ನೇ ಬಿಟ್ಟುಕೊಟ್ಟು ಆ ನೌಕೆ ನೋಡಲು ಹೋದ ಮುಖ ಮುಸುಕು ತೆಗೆಯಲಿಲ್ಲ. ಅಮೆರಿಕದವರಿಗೆ ಎಷ್ಟು ನಿರಾಸೆಯಾಯಿತೋ ತಿಳಿಯದು, ಪುತ್ತೂರಿನಲ್ಲಿ ನನಗಾದ ಸಂಕಟ ಅದಕ್ಕೆ ಕಡಿಮೆಯದ್ದಲ್ಲ. ಇತ್ತ ವಾಯೇಜರಿನ ಪಾತ್ರಕ್ಕೆ ಏನೇನು ಸಿಕ್ಕಿತು ನೋಡಿ! ಶನಿಯ ಬಳೆಗಳು ಕೆಲವೇ ಅಲ್ಲ, ನೂರಾರು ಎಳೆಗಳು ಎಂದು ಗೊತ್ತಾಯಿತು. ಹೆಣೆದ ಹಗ್ಗದ ಹಾಗೆ ಸುತ್ತಿಕೊಂಡ ಒಂದು ಬಳೆ ಕಂಡಿತು. ಮಿಮಾಸ್ ಎಂಬ ಪುಟ್ಟ ಚಂದ್ರನಲ್ಲಿ ಅವನ ಅಗಲದ ಮೂರನೇ ಒಂದರಷ್ಟು ದೊಡ್ಡ ಹೊಂಡ. ಎಲ್ಲವೂ ದಾರಿಹೋಕನ ಬುತ್ತಿಗೆ. ನನಗೆ ಮಂಜು.

ಮರುದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಪಂಡಿತರು ಬುತ್ತಿ ಬಿಚ್ಚುತ್ತಿದ್ದರು. ಪಾತ್ರ ಅದಲು ಬದಲು ಮಾಡಿಕೊಳ್ಳೋಣವೇ ಎಂದು ಕೇಳಿದೆ. ಕೇಳುವಾಗ ನನಗೇ ನಾಚಿಕೆಯಾಯಿತು, ಆದರೂ ಕೇಳಿದೆ.

"ಅದು ನಮ್ಮ ಕ್ರಮ ಅಲ್ಲ ಮಾಸ್ಟ್ರೆ," ಎಂದರು. ಮಾತಿನಲ್ಲಿ ಕುಹಕವೇನೂ ಇರಲಿಲ್ಲ. "ಸೋಲುವ ಪಾತ್ರ ಬಂತು ಅಂತ ಯಾರೂ ಗೆಲ್ಲುವ ಪಾತ್ರ ಕೇಳುದಿಲ್ಲ. ಬಂದದ್ದನ್ನೇ ಗೆಲ್ಲಿಸ್ಬೇಕು. ಮತ್ತೆ, ಮಂಜು ಅಂದ್ರೆ ಕಡಿಮೆಯಾ? ನನಗೆ ಸಿಕ್ಕಿದ್ರೆ..." ಎಂದು ಶುರುಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. "ಉಪ್ಪಿನಕಾಯಿ ಬೇಕಾ?"

ನನಗೆ ಸಿಕ್ಕಿದ್ದರೆ! ಆ ಅರ್ಧ ಮಾತು ಮೂರು ನಾಲ್ಕು ದಿನ ನನ್ನ ತಲೆ ತಿಂದಿತು. ಮಂಜಿನಲ್ಲಿ ಅವರಿಗೆ ಏನು ಕಂಡಿತ್ತು?

ನಾನು ನನ್ನ ದಾರಿ ಹಿಡಿದೆ. ಟೈಟನ್ನಿನ ಅರ್ಥವನ್ನು ಪೂರ್ತಿ ಬರೆದೆ. ಪೀಠಿಕೆ, ಅಂದರೆ ಪಾತ್ರ ತನ್ನನ್ನು ತಾನೇ ಪರಿಚಯಿಸಿಕೊಳ್ಳುವ ಮೊದಲ ಮಾತು. ಆಮೇಲೆ ಒಂದೊಂದು ಪದ್ಯಕ್ಕೂ ಉತ್ತರ. ವಾಯೇಜರ್ ಏನು ಕೇಳಬಹುದು, ಅದಕ್ಕೆ ನಾನೇನು ಹೇಳಬೇಕು, ಎಲ್ಲ. ಬೆಳಿಗ್ಗೆ ಸ್ನಾನ ಮಾಡುವಾಗ ಬಾಯಿಪಾಠ, ಸಂಜೆ ಹೆಂಡತಿಯ ಮುಂದೆ ಒಪ್ಪಿಸುವುದು. ಅವಳು ತೊಂಡೆಕಾಯಿ ಹೆಚ್ಚುತ್ತಾ ಕೇಳುತ್ತಿದ್ದಳು.

"ಹೇಗುಂಟು?"

"ತಪ್ಪಿಲ್ಲ. ಆದ್ರೆ ಒಂಬತ್ತನೇ ಕ್ಲಾಸಿನಲ್ಲಿ ಕೂತ ಹಾಗೆ ಆಗ್ತದೆ."

"ಪಂಡಿತರು ಹೇಗೆ ಹೇಳ್ತಿದ್ರು ಹಾಗಾದ್ರೆ?"

"ಅದು ನನಗೆ ಗೊತ್ತಿದ್ರೆ ನಾನೇ ಅರ್ಥ ಹೇಳ್ತಿದ್ದೆ," ಎಂದು ಅವಳು ಮತ್ತೊಂದು ತೊಂಡೆಕಾಯಿ ಎತ್ತಿಕೊಂಡಳು.

ಒಮ್ಮೆ ಕೂತು ಅಭ್ಯಾಸ ಮಾಡೋಣ ಎಂದು ಪಂಡಿತರನ್ನು ಕೇಳಿದೆ. ಅವರು ಬೆಚ್ಚಿಬಿದ್ದರು. "ಮೊದಲೇ ಮಾತಾಡಿ ಇಟ್ರೆ ಅದು ನಾಟಕ ಆಯ್ತು ಮಾರಾಯ್ರೆ! ಅಲ್ಲಿ ಕೂತ ಮೇಲೆ ನೀವು ಎಂತ ಕೇಳ್ತೀರಿ ಅಂತ ನನಗೆ ಗೊತ್ತಿರ್ಲಿಕ್ಕೆ ಆಗದು. ಗೊತ್ತಿದ್ರೆ ನನಗೆ ಮಾತೇ ಬರುದಿಲ್ಲ."

ಸಭೆಗೆ ಸುಮಾರು ಒಂದು ವಾರವಿರುವಾಗ ಮಂಗಳೂರಿನಿಂದ ಮಧ್ಯಾಹ್ನದ ಬಸ್ಸಿಗೆ ಬರುವ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಲೇಖನ ಸಿಕ್ಕಿತು. ನಿಂತಲ್ಲೇ ಎರಡು ಸಲ ಓದಿದೆ. ವಾಯೇಜರ್ ಟೈಟನ್ನಿನ ಹಿಂದಕ್ಕೆ ಹೋಗುವಾಗ ಭೂಮಿಯ ಕಡೆಗೆ ರೇಡಿಯೋ ಅಲೆಯನ್ನು ಕಳಿಸುತ್ತಲೇ ಇತ್ತು. ಆ ಅಲೆ ಟೈಟನ್ನಿನ ಗಾಳಿಯ ಮೂಲಕ ಹಾದು ಬರಬೇಕಾಯಿತು. ಗಾಳಿ ದಟ್ಟವಾದಂತೆ ಅಲೆ ಬಾಗಿತು, ಕ್ಷೀಣಿಸಿತು, ಚಂದ್ರನ ಮರೆಗೆ ಹೋದಾಗ ಪೂರ್ತಿ ನಿಂತಿತು. ಆಚೆ ಬದಿಯಿಂದ ಮತ್ತೆ ಸಣ್ಣಗೆ ಶುರುವಾಗಿ ಬಲವಾಯಿತು. ಎಷ್ಟು ಬಾಗಿತು, ಹೇಗೆ ಕ್ಷೀಣಿಸಿತು ಎಂಬುದರಿಂದಲೇ ಅಲ್ಲಿನ ಗಾಳಿಯ ಒತ್ತಡ ನಮ್ಮದರ ಒಂದೂವರೆ ಪಟ್ಟು ಎಂದು ಅಂದಾಜು ಮಾಡಿದರು. ಗಾಳಿಯ ಹೆಚ್ಚಿನ ಪಾಲು ಸಾರಜನಕವೆಂದೂ, ಚಳಿ ಸೊನ್ನೆಗಿಂತ ನೂರ ಎಂಬತ್ತು ಡಿಗ್ರಿಯ ಹತ್ತಿರ ಕೆಳಗೆಂದೂ ತಿಳಿಯಿತು. ಕಣ್ಣಿಗೆ ಕಾಣದ್ದನ್ನು ರೇಡಿಯೋ ತಿಳಿಸಿತ್ತು.

ಇದನ್ನು ಪಂಡಿತರಿಗೆ ಹೇಳಬಾರದು ಎಂದು ಆ ಕ್ಷಣವೇ ನಿಶ್ಚಯಿಸಿದೆ. ಹೇಳಿದರೆ ಕಾಫಿ ಮುಗಿಯುವುದರೊಳಗೆ ಅದು ಅವರದಾಗುತ್ತದೆ. ಎದುರಾಳಿ ಏನು ಕೇಳುತ್ತಾನೆಂದು ಗೊತ್ತಿರಬಾರದು ಎಂದವರು ಅವರೇ ತಾನೆ? ಆ ವಾರ ಅವರು "ಹೊಸತು ಎಂತಾದ್ರೂ ಉಂಟಾ?" ಎಂದು ಎರಡು ಸಲ ಕೇಳಿದರು. ಇಲ್ಲ ಎಂದೆ. ಪತ್ರಿಕೆಯನ್ನು ಮನೆಯಲ್ಲಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಸಭಾಂಗಣ ತುಂಬಿತು. ವಿಜ್ಞಾನಕ್ಕೆಂದು ಬಂದವರು ಕೆಲವರು, ಪಂಡಿತರ ಅರ್ಥಕ್ಕೆಂದು ಬಂದವರೇ ಬಹಳ. ಸುಳ್ಯದಿಂದ, ಕಡಬದಿಂದ ಬಸ್ಸು ಹಿಡಿದು ಬಂದವರೂ ಇದ್ದರು. ಮಕ್ಕಳು ನೆಲದ ಮೇಲೆ ಕುಳಿತು ಪೆನ್ಸಿಲ್ ಹಿಡಿದಿದ್ದರು. ಕೇಳಿದ್ದನ್ನು ಬರೆದುಕೊಳ್ಳಿ ಎಂದು ನಾನೇ ಹೇಳಿದ್ದೆ. ಹೆಂಡತಿ ಹೆಂಗಸರ ಸಾಲಿನಲ್ಲಿ ಮುಂದೆಯೇ ಇದ್ದಳು. ಕಾಯಿ ಒಡೆದಾಯಿತು. ಮದ್ದಳೆಗೆ ಪೆಟ್ಟು ಬಿತ್ತು. ವೇದಿಕೆಯ ಮೇಲೆ ಹಾಸಿದ ಜಮಖಾನದಲ್ಲಿ ನಾನು ಒಂದು ಕಡೆ, ಪಂಡಿತರು ನನ್ನೆದುರು, ನಡುವೆ ಹಿಮ್ಮೇಳ.

ವಾಯೇಜರಿನ ಪೀಠಿಕೆ ಹೇಗಿತ್ತೆಂದು ಇಲ್ಲಿ ಬರೆಯಲಾರೆ. ಹುಟ್ಟಿದ ಮನೆಗೆ ಮರಳಿ ಬರುವ ಹಂಗಿಲ್ಲದವನು, ನೋಡಿದ್ದನ್ನೆಲ್ಲ ಮನೆಗೆ ಹೇಳಿ ಕಳಿಸುವವನು, ಹೇಳಿ ಕಳಿಸಿದ ಮಾತು ಮನೆ ಮುಟ್ಟುವಾಗ ತಾನು ಇನ್ನೆಲ್ಲೋ ಇರುವವನು. ಒಂದೊಂದೂ ನನ್ನ ಜಗಲಿಯಲ್ಲಿ ನಾನು ಹೇಳಿದ ಸಂಗತಿ. ಒಂದೂ ನಾನು ಹೇಳಿದ ಹಾಗಿರಲಿಲ್ಲ. ಹೆಂಗಸರ ಸಾಲಿನಲ್ಲಿ ಒಬ್ಬರು ಸೆರಗಿನಿಂದ ಕಣ್ಣೊರಸಿದರು. ಅದು ನನ್ನ ಹೆಂಡತಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ನಾನು ಎರಡು ಸಲ ನೋಡಿದೆ.

ನನ್ನ ಪೀಠಿಕೆಯನ್ನು ಬಾಯಿಪಾಠದಂತೆ ಒಪ್ಪಿಸಿದೆ. ತಪ್ಪಲಿಲ್ಲ. ಸಭೆ ಕೆಮ್ಮಿತು.

ವಾದ ಶುರುವಾಯಿತು. ಒಂದೆರಡು ಪದ್ಯವಾದ ಮೇಲೆ ಪಂಡಿತರಿಗೆ ರಂಗೇರಿತು. ಅವರ ಅಭ್ಯಾಸವೇ ಹಾಗೆ, ಮಾತಿನ ಓಟಕ್ಕೆ ಸಂಗತಿ ಸಾಲದಿದ್ದರೆ ಅಲ್ಲೇ ಹುಟ್ಟಿಸುತ್ತಾರೆ. "ಎಲೈ ಟೈಟನ್," ಎಂದು ಕೈಯೆತ್ತಿದರು. "ನಿನ್ನ ಮುಸುಕನ್ನು ಸರಿಸಿ ನಾನು ಕಂಡೆ. ತೆರೆಗಳೇಳುವ ನಿನ್ನ ಕಡಲುಗಳನ್ನು ಕಂಡೆ. ಆ ಕಡಲ ತಡಿಯ ಹೊನ್ನಿನ ಬಣ್ಣದ ಮರಳನ್ನು ಕಂಡೆ!" ಜನ ತಲೆದೂಗಿದರು. ಮಕ್ಕಳ ಪೆನ್ಸಿಲುಗಳು ಸರಸರ ಓಡಿದವು. ಕಡಲು, ಹೊನ್ನಿನ ಬಣ್ಣದ ಮರಳು!

ನಾನು ಬರೆದು ಕಲಿತದ್ದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕಲಿತದ್ದನ್ನು ಬಿಟ್ಟೆ. "ಸುಳ್ಳು," ಎಂದೆ.

ಅರ್ಥಗಾರಿಕೆಯಲ್ಲಿ ಇಷ್ಟು ಬೋಳಾಗಿ ಯಾರೂ ಹಾಗೆ ಹೇಳುವುದಿಲ್ಲ. ಭಾಗವತರ ತಾಳ ಕೈಯಲ್ಲೇ ಉಳಿಯಿತು.

"ನೀನು ಕಂಡದ್ದು ಮಂಜು," ಎಂದು ಮುಂದುವರಿಸಿದೆ. "ಮಂಜಿನಾಚೆ ಒಂದು ಹನಿ ನೀರನ್ನಾಗಲಿ ಒಂದು ಹಿಡಿ ಮರಳನ್ನಾಗಲಿ ನೀನು ಕಂಡಿಲ್ಲ. ಇರುವ ಊರನ್ನೆಲ್ಲ ಬಿಟ್ಟು ನನ್ನ ಮುಖ ನೋಡಲು ಬಂದೆ. ನೋಡಲಾಗದೆ ಹೊರಟೆ. ಈಗ ಮನೆಯವರಿಗೆ ಏನು ಹೇಳಲಿ ಎಂದು ತಿಳಿಯದೆ ಕಡಲು ಮರಳು ಎನ್ನುತ್ತಿದ್ದೀ."

ಯಾರೋ "ಭಲೇ" ಎಂದರು. ಆ ಭಲೇ ನನಗೆ! ಪಂಡಿತರು ಪೆಚ್ಚಾಗಬೇಕಿತ್ತು. ಅವರ ಕಣ್ಣಲ್ಲಿ ಹೊಳಪು ಬಂತು. ಇಷ್ಟು ಹೊತ್ತು ಒಬ್ಬನೇ ಆಡುತ್ತಿದ್ದವನಿಗೆ ಆಟಕ್ಕೆ ಜೊತೆ ಸಿಕ್ಕಿದ ಹಾಗೆ ಮುಂದಕ್ಕೆ ಸರಿದು ಕುಳಿತರು.

"ಆಗಲಿ. ನಾನು ಕಾಣಲಿಲ್ಲ. ಕಡಲು ಉಂಟೆಂದು ನಾನು ಹೇಳಬಾರದಾದರೆ ಇಲ್ಲವೆಂದು ನೀನು ಹೇಗೆ ಹೇಳುತ್ತಿ? ಯಾರೂ ಕಾಣದ ನಿನ್ನ ಬಗ್ಗೆ ಯಾರಿಗೆ ಏನು ತಿಳಿದಿದೆ? ನಾನು ಸೋತೆನಾದರೆ ನನ್ನೊಡನೆ ನೀನೂ ಸೋತೆ. ಗುರುತಿಲ್ಲದವನಾಗಿಯೇ ಉಳಿದೆ!"

ಇದೇ ಹೊತ್ತು. ನಾನು ಉಸಿರೆಳೆದುಕೊಂಡೆ. "ನಿನ್ನ ಕಣ್ಣು ಸೋತಿತು ವಾಯೇಜರ್, ನಿನ್ನ ಸ್ವರ ಸೋಲಲಿಲ್ಲ. ನೀನು ನನ್ನ ಹಿಂದಕ್ಕೆ ಮರೆಯಾಗುವಾಗಲೂ ಮನೆಯವರೊಡನೆ ಮಾತಾಡುತ್ತಲೇ ಇದ್ದೆ. ಆ ಸ್ವರ ನನ್ನ ಗಾಳಿಯ ಮೂಲಕವೇ ಹಾದುಹೋಗಬೇಕಾಯಿತು. ನನ್ನ ಗಾಳಿ ಅದನ್ನು ಬಾಗಿಸಿತು, ತೆಳುಮಾಡಿತು, ಕೊನೆಗೆ ನಾನೇ ಅಡ್ಡವಾಗಿ ತಡೆದೆ. ಆಚೆ ಕಡೆಯಿಂದ ನೀನು ಹೊರಬಂದಾಗ ಅದು ಮತ್ತೆ ಕೇಳಿತು. ಕೇಳಿದವರು ನೀನು ಏನು ಹೇಳಿದೆ ಎಂದು ನೋಡಲಿಲ್ಲ. ನಿನ್ನ ಸ್ವರ ಹೇಗೆ ಕ್ಷೀಣಿಸಿತು ಎಂದು ನೋಡಿದರು. ನನ್ನ ಗಾಳಿ ಎಷ್ಟು ಭಾರ, ನನ್ನ ನೆಲ ಎಷ್ಟು ಆಳದಲ್ಲಿದೆ ಎಂದು ಅದರಿಂದಲೇ ಅಳೆದರು. ನೀನು ತಂದ ಚಿತ್ರಗಳಲ್ಲಿ ನಾನಿಲ್ಲ. ನಿನ್ನ ಸ್ವರ ಅಡಗಿದ ರೀತಿಯಲ್ಲಿ ನಾನಿದ್ದೇನೆ."

ಯಾರೂ ಕೆಮ್ಮಲಿಲ್ಲ. ಆಕಳಿಸಲಿಲ್ಲ. ಹಿಂದೆ ನಿಂತಿದ್ದವರು ಎರಡು ಹೆಜ್ಜೆ ಮುಂದೆ ಬಂದಿದ್ದರು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು, ಕಣ್ಣು ಅಗಲ ಮಾಡಿಕೊಂಡು. ನಾನು ಗೆದ್ದಿದ್ದೆ. ಪಂಡಿತರಿಗೆ ಈ ವಿಷಯ ಗೊತ್ತೇ ಇಲ್ಲ. ಏನು ಹೇಳುತ್ತಾರೋ ಹೇಳಲಿ ಎಂದು ನಾನು ಕಾಲು ಮಡಚಿ ಗಟ್ಟಿಯಾಗಿ ಕುಳಿತೆ.

ಪಂಡಿತರು ಮೆಲ್ಲಗೆ, ತುಂಬಿದ ಸ್ವರದಲ್ಲಿ ಶುರುಮಾಡಿದರು. "ಹೌದು ಟೈಟನ್. ಈಗ ತಿಳಿಯಿತು. ಇಗೋ, ನಿನ್ನ ಬದಿಗೆ ಬಂದೆ. ಇಗೋ, ನಿನ್ನ ಗಾಳಿ ನನ್ನ ಮಾತಿಗೆ ತಾಗಿತು." ಹೇಳುತ್ತಾ ಹೇಳುತ್ತಾ ಮುಖವನ್ನು ಎಡಕ್ಕೆ ತಿರುಗಿಸುತ್ತಾ ಹೋದರು. ಸ್ವರ ಇಳಿಯತೊಡಗಿತು. ಬರೇ ಸಣ್ಣದಾದದ್ದಲ್ಲ, ನಡುಗಿತು, ಬಾಗಿತು, ದೂರವಾಯಿತು. "ಮನೆಯವರೇ, ನನ್ನ ಮಾತು ಕೇಳುತ್ತಿದೆಯೇ? ನಾನು ಇವನ ಗಾಳಿಯನ್ನು ಹಾ..."

ಪದದ ನಡುವೆ ಸ್ವರ ನಿಂತಿತು.

ಪಂಡಿತರು ಅಲುಗಾಡಲಿಲ್ಲ. ತುಟಿ ಅರ್ಧ ತೆರೆದಿತ್ತು. ಮುಖ ಪೂರ್ತಿ ಗೋಡೆಯ ಕಡೆಗಿತ್ತು. ಜೀವಮಾನದಲ್ಲಿ ಮಾತಿಗೆ ತಡವರಿಸದ ಮನುಷ್ಯ ಪದವನ್ನು ಅರ್ಧಕ್ಕೆ ಬಿಟ್ಟು ಕುಳಿತಿದ್ದರು. ಸಭೆಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು. ಮಕ್ಕಳು ಪೆನ್ಸಿಲ್ ಕೆಳಗಿಟ್ಟರು. ದೂರದ ಬಸ್ ಸ್ಟ್ಯಾಂಡಿನಿಂದ ಹಾರನ್ ಕೇಳಿತು. ಮದ್ದಳೆಯವರ ಕೈ ಚರ್ಮದ ಮೇಲೆ ಸುಮ್ಮನಿತ್ತು. ಇಷ್ಟು ಹೊತ್ತು ಆಯಿತಲ್ಲ, ಇನ್ನು ಬರುವುದೇ ಇಲ್ಲವೇನೋ ಎಂದು ನನಗೇ ಗಾಬರಿಯಾಯಿತು. ನೌಕೆ ಆಚೆ ಕಡೆ ಏನಾಯಿತು? ಬಂದೀತೇ? ಅದರ ದಾರಿಯನ್ನು, ವೇಗವನ್ನು, ಅದು ಸುರಕ್ಷಿತವಾಗಿ ಹೊರಬಂದ ಸುದ್ದಿಯನ್ನು ಬಲ್ಲವನು ಆ ಸಭೆಯಲ್ಲಿ ನಾನೊಬ್ಬನೇ. ಆದರೂ ಆ ಸ್ವರ ಮತ್ತೆ ಬರಲಿ ಎಂದು ಎಲ್ಲರಿಗಿಂತ ಹೆಚ್ಚು ಕಾದವನು ನಾನೇ.

ಪಂಡಿತರು ಮುಖವನ್ನು ಬಲಗಡೆಯಿಂದ ನಮ್ಮತ್ತ ತಿರುಗಿಸಿದರು. ಎಲ್ಲೋ ಆಳದಿಂದ, ಇಲ್ಲವೆಂಬಷ್ಟು ಸಣ್ಣಗೆ ಕೇಳಿತು.

"...ದು ಬಂದೆ."

ಸಭಾಂಗಣದ ಹೆಂಚು ಹಾರಿಹೋಗುವಷ್ಟು ಚಪ್ಪಾಳೆ ಬಿತ್ತು. ಹೆಡ್ಮಾಸ್ಟರು ಎದ್ದು ನಿಂತು ತಟ್ಟುತ್ತಿದ್ದರು. ಹೆಂಡತಿಯೂ ತಟ್ಟುತ್ತಿದ್ದಳು. ಮುಂದಿನ ಮಾತು ನನ್ನದು. ನನಗೆ ಒಂದು ಅಕ್ಷರವೂ ಹೊರಡಲಿಲ್ಲ. ಭಾಗವತರು ಹಾಡುಗಾರಿಕೆಯ ಅನುಭವಸ್ಥರು, ನನ್ನ ಮುಖ ನೋಡಿ ಪ್ರಸಂಗ ಮುಗಿಸುವ ಮಂಗಳ ಪದ್ಯ ಎತ್ತಿದರು.

ಇಳಿಯುವಾಗ ಪಂಡಿತರು ನನ್ನ ಭುಜ ಹಿಡಿದರು. "ಎಂಥ ಜಾಗ ಕೊಟ್ರಿ ಮಾರಾಯ್ರೆ! ಇಷ್ಟು ವರ್ಷದಲ್ಲಿ ಯಾರೂ ನನಗೆ ಸುಮ್ಮನೆ ಕೂರ್ಲಿಕ್ಕೆ ಜಾಗ ಕೊಟ್ಟಿರ್ಲಿಲ್ಲ." ಅವರು ಅದನ್ನು ಮನಸಾರೆ ಹೇಳಿದರು. ಹಾಗೆ ಮನಸಾರೆ ಹೇಳಿದ್ದರಿಂದ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ನಾನು ವಿವರಿಸಿದ್ದೆ, ಅವರು ವಾಯೇಜರೇ ಆಗಿಬಿಟ್ಟಿದ್ದರು. ಮನೆಯ ದಾರಿಯಲ್ಲಿ ಹೆಂಡತಿ, "ನೀವು ಇವತ್ತು ಒಳ್ಳೆ ಹೇಳಿದ್ರಿ," ಎಂದಳು. ಆಮೇಲೆ ತಡೆಯಲಾರದೆ, "ಆದ್ರೆ ಅವರು ಮಾತು ನಿಲ್ಲಿಸಿದ್ದು!" ಎಂದಳು.

ಸೋಮವಾರ ಒಂಬತ್ತನೇ ತರಗತಿಗೆ ಹೋದವನೇ ಕೇಳಿದೆ. "ಟೈಟನ್ನಿನ ಗಾಳಿ ಎಷ್ಟು ದಟ್ಟ ಅಂತ ಹೇಗೆ ಗೊತ್ತಾಯಿತು?" ವರ್ಷವಿಡೀ ಬಾಯಿ ತೆರೆಯದ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು. ಎದ್ದು ನಿಂತು, ಅಲೆ ಬಾಗಿದ್ದು, ಕ್ಷೀಣಿಸಿದ್ದು, ಮರೆಗೆ ಹೋಗಿ ನಿಂತದ್ದು, ಆಚೆಯಿಂದ ಮತ್ತೆ ಬಂದದ್ದು, ಅದರಿಂದ ಒತ್ತಡ ಅಳೆದದ್ದು, ಎಲ್ಲವನ್ನೂ ಒಂದು ತಪ್ಪಿಲ್ಲದೆ ಹೇಳಿದಳು. ನನ್ನ ಪಾಠವನ್ನು ಯಾವ ಮಕ್ಕಳೂ ಅಷ್ಟು ಚೆನ್ನಾಗಿ ಒಪ್ಪಿಸಿದ್ದಿಲ್ಲ.

"ಭೇಷ್. ಇದನ್ನು ಯಾರು ಹೇಳ್ಕೊಟ್ಟದ್ದು?" ಎಂದೆ.

"ಪಂಡಿತ್ ಮಾಸ್ಟ್ರು, ಸಾರ್. ಶನಿವಾರ ಹೇಳಿದ್ರಲ್ಲ!"

ಇಡೀ ತರಗತಿ ಹೌದೆಂದು ತಲೆಯಾಡಿಸಿತು. ಹೇಳಿದ್ದು ನಾನು. ಪಂಡಿತರು ಸುಮ್ಮನೆ ಕೂತಿದ್ದರು ಅಷ್ಟೇ.